ಗಾಲಿಕುರ್ಚಿಗೊಂದು ಕೈ

ಬಾಯಾರಿದ ಮನುಷ್ಯನು ಮೇಜಿನ ಮೇಲಿರುವ ಲೋಟವನ್ನೆತ್ತಿ ನೀರು ಕುಡಿಯಲು ನಾಲ್ಕೈದು ಸೆಕೆಂಡುಗಳು ಸಾಕು. ಈ ಅಲ್ಪಾವಧಿಯಲ್ಲಿ ಭುಜವು ಮುಂದಕ್ಕೆ ಸರಿಯುತ್ತದೆ, ಮೊಣಕೈ ನೀಳವಾಗುತ್ತದೆ, ಮಣಿಕಟ್ಟು ಲೋಟದ ನೇರಕ್ಕೆ ತಿರುಗುತ್ತದೆ, ಬೆರಳುಗಳು ಲೋಟ ಜಾರದಷ್ಟು ಬಿಗಿಯಾಗಿ, ನೀರು ತುಳುಕದಷ್ಟು ಹದವಾಗಿ ಅದನ್ನು ಹಿಡಿಯುತ್ತವೆ. ಲೋಟವು ತುಟಿಯನ್ನು ತಲುಪುವವರೆಗೆ ಓರೆಯಾಗದಂತೆ ಮಣಿಕಟ್ಟು ಕ್ಷಣಕ್ಷಣಕ್ಕೂ ತನ್ನನ್ನು ತಿದ್ದಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗ ಕುಡಿಯುವವನ ಮನಸ್ಸು ಬೇರೆಲ್ಲಿಯೋ ಇರುತ್ತದೆ: ಎಂಟೂ ಹತ್ತರ ಲೋಕಲ್ ಗಾಡಿಯಲ್ಲಿಯೋ, ಮಕ್ಕಳ ಶಾಲೆಯ ಶುಲ್ಕದಲ್ಲಿಯೋ. ತನಗೊಂದು ಕೈ ಇದೆಯೆಂಬ ಅರಿವೂ ಆರೋಗ್ಯವಂತನಿಗೆ ಇರುವುದಿಲ್ಲ.

ಆ ಕೈ ಮೇಲೇಳದೆ ಹೋಗುವ ಸಂದರ್ಭಗಳು ಹಲವು. ರಸ್ತೆಯ ಅಪಘಾತದಲ್ಲಿಯೋ, ಎತ್ತರದಿಂದ ಬಿದ್ದೋ ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದರೆ ಕಾಲುಗಳೊಂದಿಗೆ ಕೈಗಳ ಸ್ವಾಧೀನವೂ ತಪ್ಪುತ್ತದೆ. ಮಸ್ಕ್ಯುಲರ್ ಡಿಸ್ಟ್ರೊಫಿ ಎಂದು ವೈದ್ಯರು ಕರೆಯುವ ಸ್ನಾಯುಕ್ಷಯದಲ್ಲಿ, ಅದರಲ್ಲಿಯೂ ಗಂಡುಮಕ್ಕಳಿಗೆ ಬರುವ ಡುಶೆನ್ ಎಂಬ ಬಗೆಯಲ್ಲಿ, ಮೊದಲು ಕಾಲುಗಳು ಸೋಲುತ್ತವೆ; ಹನ್ನೆರಡು ವರ್ಷದ ಸುಮಾರಿಗೆ ಹುಡುಗನು ಗಾಲಿಕುರ್ಚಿಯನ್ನು ಆಶ್ರಯಿಸುತ್ತಾನೆ; ಆಮೇಲೆ ತೋಳುಗಳ ಸರದಿ. ದೇಹದ ನಡುವಿಗೆ ಹತ್ತಿರವಾದ ಸ್ನಾಯುಗಳು ಮೊದಲು, ತುದಿಯವು ಕಡೆಗೆ ದುರ್ಬಲವಾಗುವುದು ಈ ರೋಗದ ಕ್ರಮವಾದುದರಿಂದ ವಿಚಿತ್ರವಾದ ಸ್ಥಿತಿಯೊಂದು ಒದಗುತ್ತದೆ. ಭುಜವು ಒಂದು ಲೋಟದ ಭಾರವನ್ನೂ ಎತ್ತಲಾರದು. ಬೆರಳುಗಳು ಮಾತ್ರ ಇನ್ನೂ ಆಡುತ್ತಿರುತ್ತವೆ. ಆ ಬೆರಳ ತುದಿಯಿಂದಲೇ ಅವನು ಕುರ್ಚಿಯನ್ನು ಮನೆಯೆಲ್ಲ ಓಡಿಸಬಲ್ಲನು.

ಹಾಗೆ ಓಡಿಸುವ ಕುರ್ಚಿಯೇ ವಿದ್ಯುತ್ ಗಾಲಿಕುರ್ಚಿ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಯೋಧರಿಗಾಗಿ ಕೆನಡಾದ ಎಂಜಿನಿಯರ್ ಜಾರ್ಜ್ ಕ್ಲೈನ್ ಮತ್ತು ಅವರ ಸಂಗಡಿಗರು 1950ರ ದಶಕದಲ್ಲಿ ಅದನ್ನು ರೂಪಿಸಿದರು. ಬ್ಯಾಟರಿ, ಎರಡು ಮೋಟಾರುಗಳು, ಜಾಯ್‌ಸ್ಟಿಕ್ ಎಂಬ ಪುಟ್ಟ ಕೋಲು. ಬೆರಳೂ ಆಡದವರಿಗೆ ಗಲ್ಲದಿಂದ ಅಥವಾ ಉಸಿರಿನಿಂದ ನಡೆಸುವ ಏರ್ಪಾಡು. ಕುರ್ಚಿಯು ಮನುಷ್ಯನನ್ನು ಮೇಜಿನವರೆಗೆ ಒಯ್ದಿತು. ಲೋಟವು ಮೇಜಿನ ಮೇಲೆಯೇ ಉಳಿಯಿತು.

ಕೇಳುವುದರ ಸಂಕೋಚ

ಕೈಯಿಲ್ಲದ ಕಷ್ಟವೆಂದರೆ ಊಟ, ಸ್ನಾನ, ಉಡುಪುಗಳಲ್ಲಿ ಪರರ ಸಹಾಯ ಬೇಕಾಗುವುದೆಂದೇ ಹೊರಗಿನವರ ಎಣಿಕೆ. ಅವು ದಿನದಲ್ಲಿ ನಿಯತ ಕಾಲಕ್ಕೆ ನಡೆಯುವ ದೊಡ್ಡ ಕೆಲಸಗಳು. ಮನೆಯವರು ಅವಕ್ಕೆ ಹೊಂದಿಕೊಂಡಿರುತ್ತಾರೆ. ಸವೆಸುವಂಥವು ಸಣ್ಣ ಕೆಲಸಗಳು. ಮೂಗಿನ ತುದಿ ತುರಿಸುತ್ತದೆ. ಕನ್ನಡಕ ಜಾರುತ್ತದೆ. ಮೊಬೈಲ್ ಫೋನು ತೊಡೆಯಿಂದ ಕೆಳಕ್ಕೆ ಬೀಳುತ್ತದೆ. ಫ್ಯಾನಿನ ಗಾಳಿ ಹೆಚ್ಚಾಗುತ್ತದೆ. ಪ್ರತಿಯೊಂದಕ್ಕೂ ಒಬ್ಬರನ್ನು ಕೂಗಬೇಕು. ಕೂಗಿದವರು ಒಲೆಯ ಮೇಲಿಟ್ಟ ಸಾರನ್ನು ಬಿಟ್ಟು ಬರಬೇಕು. ಹೀಗೆ ದಿನಕ್ಕೆ ಹತ್ತಾರು ಬಾರಿ ಕೇಳಬೇಕಾದವನು ಕೆಲವೇ ತಿಂಗಳಲ್ಲಿ ಒಂದು ವಿದ್ಯೆಯನ್ನು ಕಲಿಯುತ್ತಾನೆ: ಎರಡು ಮೂರು ಕೆಲಸಗಳನ್ನು ಕೂಡಿಟ್ಟುಕೊಂಡು ಒಮ್ಮೆಗೇ ಕೇಳುವುದು, ಉಳಿದವನ್ನು ನುಂಗಿಕೊಳ್ಳುವುದು.

ಹೀಗೆ ನುಂಗಿಕೊಳ್ಳುವವುಗಳಲ್ಲಿ ನೀರಿನ ಬಯಕೆ ಮುಖ್ಯವಾದುದು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಅದಕ್ಕೆ ಇನ್ನೊಬ್ಬರು ಎತ್ತಿ ಇಳಿಸಬೇಕು, ಇಲ್ಲವೇ ಪಾತ್ರೆ ಹಿಡಿಯಬೇಕು. ಗಂಡ ಹೆಂಡಿರಿಬ್ಬರೂ ದುಡಿಯಲು ಹೋಗುವ ಮಹಾನಗರದ ಮನೆಯಲ್ಲಿ, ಬೆಳಗ್ಗೆ ಹೋದವರು ಮರಳುವುದು ಸಂಜೆ ಏಳಕ್ಕೆ. ಆದಕಾರಣ ಬೆಳಗಿನ ಅರ್ಧ ಲೋಟಕ್ಕೆ ಇಡೀ ಹಗಲು ಸಾಗಬೇಕು. ನೀರು ಕಡಿಮೆಯಾದಾಗ ಮೂತ್ರ ಸಾಂದ್ರವಾಗುತ್ತದೆ. ಮೂತ್ರಕೋಶದ ಸೋಂಕು, ಕಲ್ಲು, ಮಲಬದ್ಧತೆ ಒಂದರ ಹಿಂದೊಂದು ಬರುತ್ತವೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರಕೋಶದ ತೊಂದರೆ ಮೊದಲೇ ಇರುವುದರಿಂದ ಸೋಂಕು ಮೂತ್ರಪಿಂಡದವರೆಗೂ ಏರುವ ಭಯವುಂಟು. ವೈದ್ಯರು ಹೆಚ್ಚು ನೀರು ಕುಡಿಯಲು ಹೇಳುತ್ತಾರೆ, ರೋಗಿ ತಲೆಯಾಡಿಸುತ್ತಾನೆ. ಕುಡಿಯದಿರುವುದಕ್ಕೆ ಕಾರಣ ಮರೆವು ಅಲ್ಲವೆಂಬುದು ಆ ಕೊಠಡಿಯಲ್ಲಿ ಹೊರಬೀಳುವುದು ಅಪರೂಪ.

ಯಂತ್ರಬಾಹು, ಎಂದರೆ ಗಾಲಿಕುರ್ಚಿಯ ಬದಿಗೆ ಕೂರಿಸುವ ರೋಬಾಟ್ ತೋಳು, ಈ ಸರಪಳಿಯ ಮೊದಲ ಕೊಂಡಿಯನ್ನು ಬಿಡಿಸಬಲ್ಲದು, ಎರಡನೆಯದನ್ನು ಬಿಡಿಸಲಾರದು. ಅದು ನೀರನ್ನು ತುಟಿಗೆ ತರುತ್ತದೆ, ಮನುಷ್ಯನನ್ನು ಎತ್ತಿ ಶೌಚಾಲಯಕ್ಕೆ ಒಯ್ಯುವುದಿಲ್ಲ. ಇದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ಏಕೆಂದರೆ ಈ ಬಗೆಯ ಯಂತ್ರಗಳ ಕುರಿತು ಪತ್ರಿಕೆಗಳಲ್ಲಿ ಬರುವ ವರ್ಣನೆಗಳು ಓದುಗರಲ್ಲಿ ಮಿತಿಮೀರಿದ ಆಸೆಯನ್ನು ಹುಟ್ಟಿಸುತ್ತವೆ.

ನಾಲಿಗೆಯಿಂದ ನಡೆಸಿದ ತೋಳು

ಈ ಯಂತ್ರದ ಹಿಂದೆ ಪೋಲಿಯೊ ಪಿಡುಗಿನ ಇತಿಹಾಸವಿದೆ. ಲಾಸ್ ಏಂಜಲಿಸ್ ಬಳಿಯ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ ಪೋಲಿಯೊದಿಂದ ಕೈಕಾಲುಗಳೆರಡನ್ನೂ ಕಳೆದುಕೊಂಡವರ ಆರೈಕೆ ನಡೆಯುತ್ತಿತ್ತು. 1960ರ ದಶಕದ ಕೊನೆಗೆ ಅಲ್ಲಿನ ತಂತ್ರಜ್ಞರು ಗಾಲಿಕುರ್ಚಿಗೆ ಜೋಡಿಸಿದ, ಮೋಟಾರುಗಳಿಂದ ಚಲಿಸುವ ಲೋಹದ ತೋಳುಪಟ್ಟಿಯೊಂದನ್ನು ಮಾಡಿದರು. ಅದು ರೋಗಿಯ ಸ್ವಂತ ಕೈಯನ್ನೇ ತನ್ನಲ್ಲಿ ಮಲಗಿಸಿಕೊಂಡು ಎತ್ತಿ ಆಡಿಸುತ್ತಿತ್ತು. ಕೀಲುಗಳು ಏಳು. ರೋಗಿಗೆ ಆಡುತ್ತಿದ್ದುದು ನಾಲಿಗೆಯಾದುದರಿಂದ, ಬಾಯಿಯ ಮುಂದೆ ಗುಂಡಿಗಳ ಸಾಲನ್ನಿಟ್ಟು, ನಾಲಿಗೆಯಿಂದ ಒತ್ತಿ ಒಂದೊಂದು ಕೀಲನ್ನು ಅತ್ತಲೋ ಇತ್ತಲೋ ತಿರುಗಿಸಬೇಕಾಗಿತ್ತು.

ಯಂತ್ರವೇನೋ ಕೆಲಸ ಮಾಡಿತು. ಆದರೆ ಏಳು ಎತ್ತುಗಳ ಏಳು ಮೂಗುದಾರಗಳನ್ನು ಒಬ್ಬನೇ ಹಿಡಿದು ಬಂಡಿ ಹೊಡೆದಂತೆ! ಲೋಟವನ್ನು ಒಂದು ಗೇಣು ಮುಂದಕ್ಕೆ ಸರಿಸಬೇಕಾದರೆ ಭುಜವನ್ನು ಎಷ್ಟು, ಮೊಣಕೈಯನ್ನು ಎಷ್ಟು, ಮಣಿಕಟ್ಟನ್ನು ಎಷ್ಟು ತಿರುಗಿಸಬೇಕೆಂಬ ಲೆಕ್ಕವೆಲ್ಲ ರೋಗಿಯ ತಲೆಯಲ್ಲಿಯೇ ನಡೆಯಬೇಕಿತ್ತು. ಸ್ವಸ್ಥನ ಮಿದುಳು ಯಾವುದನ್ನು ಅರಿವಿಲ್ಲದೆ ಮಾಡಿಮುಗಿಸುತ್ತದೆಯೋ ಅದನ್ನು ಅರಿವಿನಿಂದ, ಬಿಡಿಬಿಡಿಯಾಗಿ, ನಾಲಿಗೆಯಿಂದ ಮಾಡುವುದು ಎಷ್ಟು ಆಯಾಸಕರವೆಂಬುದನ್ನು ಊಹಿಸಬಹುದು.

ಇದಕ್ಕೆ ಪರಿಹಾರವನ್ನು ಒದಗಿಸಿದ್ದು ಗಣಕಯಂತ್ರ. ನೆದರ್ಲೆಂಡ್ಸಿನಲ್ಲಿ 1980ರ ದಶಕದಲ್ಲಿ ರೂಪುಗೊಂಡು ಮುಂದಿನ ದಶಕದಲ್ಲಿ ಮಾರಾಟಕ್ಕೆ ಬಂದ ಮಾನುಸ್ ಎಂಬ ಬಾಹುವಿನಲ್ಲಿ ಬಳಸುವವನು ಕೀಲುಗಳ ಗೊಡವೆಗೆ ಹೋಗಬೇಕಾಗಿಲ್ಲ. ಬಾಹುವಿನ ತುದಿಯಲ್ಲಿರುವ ಹಿಡಿತವು ಮುಂದಕ್ಕೆ ಹೋಗಲಿ, ಮೇಲಕ್ಕೆ ಏಳಲಿ, ಬಲಕ್ಕೆ ಸರಿಯಲಿ ಎಂದು ಸೂಚಿಸಿದರೆ ಸಾಕು. ಅದಕ್ಕೆ ಯಾವ ಕೀಲು ಎಷ್ಟು ತಿರುಗಬೇಕೆಂಬುದನ್ನು ಯಂತ್ರವೇ ಲೆಕ್ಕ ಹಾಕುತ್ತದೆ. ರೋಗಿಯ ಕೈಯನ್ನೇ ಆಡಿಸುವ ವಿಚಾರವನ್ನೂ ಇಲ್ಲಿ ಕೈಬಿಡಲಾಯಿತು. ಇದು ಪ್ರತ್ಯೇಕವಾದ, ಕುರ್ಚಿಯ ಪಕ್ಕದಲ್ಲಿ ಮಡಿಚಿಕೊಂಡಿರುವ ಮೂರನೆಯ ಕೈ. ತೂಕ ಸುಮಾರು 14 ಕಿಲೋಗ್ರಾಂ. ಎತ್ತುವ ಶಕ್ತಿ ಒಂದೂವರೆ ಕಿಲೋಗ್ರಾಂ. ಹತ್ತು ಪಾಲು ತೂಗಿ ಒಂದು ಪಾಲು ಎತ್ತುವ ಈ ಕೈ ನೋಡುವವರಿಗೆ ಸೋಮಾರಿಯಂತೆ ಕಾಣಬಹುದು. ನೀರು ತುಂಬಿದ ಲೋಟ, ಪುಸ್ತಕ, ಟಿ.ವಿ.ಯ ರಿಮೋಟ್, ನೆಲಕ್ಕೆ ಬಿದ್ದ ಫೋನು, ಇವಾವುವೂ ಒಂದೂವರೆ ಕಿಲೋ ತೂಗುವುದಿಲ್ಲ.

ಕೆನಡಾದ ಜಾಕೊ

ಇಂದು ಹೆಚ್ಚು ಹೆಸರಾಗಿರುವ ಬಾಹುವೆಂದರೆ ಕೆನಡಾದ ಕ್ವಿಬೆಕ್ ಪ್ರಾಂತದ ಕಿನೋವಾ ಸಂಸ್ಥೆಯ ಜಾಕೊ. ಸಂಸ್ಥೆಯು 2006ರಲ್ಲಿ ಸ್ಥಾಪಿತವಾಯಿತು. ಸ್ಥಾಪಕರಲ್ಲೊಬ್ಬರಾದ ಶಾರ್ಲ್ ದೆಗೀರ್ ಅವರ ಬಂಧುಗಳಲ್ಲಿ ಸ್ನಾಯುಕ್ಷಯದಿಂದ ಗಾಲಿಕುರ್ಚಿ ಹಿಡಿದವರಿದ್ದರು. ಅವರಲ್ಲಿ ಜಾಕ್ ಎಂಬವರು, ಯಾವ ಕಾರ್ಖಾನೆಯ ನೆರವೂ ಇಲ್ಲದೆ, ದೊರಕಿದ ಬಿಡಿಭಾಗಗಳನ್ನೇ ಕೂಡಿಸಿ ತಮ್ಮ ಕುರ್ಚಿಗೆ ತಾವೇ ಒಂದು ಎಟುಕುಗೋಲನ್ನು ಮಾಡಿಕೊಂಡಿದ್ದರಂತೆ. ಆ ಹಿರಿಯರ ಹೆಸರನ್ನೇ ಹೊಸ ಬಾಹುವಿಗೆ ಇಡಲಾಯಿತು. ಪದವಿ ಪಡೆದ ಎಂಜಿನಿಯರ್ ಕೂಡಿಸಿದ ಯಂತ್ರಕ್ಕೆ, ಕೈಲಾಗದೆ ಕುಳಿತಿದ್ದವರ ಹೆಸರು! ಇದರಲ್ಲಿ ನ್ಯಾಯವಿದೆ, ಇಂಥ ಯಂತ್ರ ಏನನ್ನು ಮಾಡಬೇಕೆಂಬುದನ್ನು ಮೊದಲು ಕಂಡವರು ಅವರೇ.

ಜಾಕೊಗೆ ಆರು ಕೀಲುಗಳು, ಮೂರು ಬೆರಳುಗಳು; ಇಂಗಾಲದ ನಾರಿನ ಕವಚವಿರುವುದರಿಂದ ತೂಕ ಐದು ಕಿಲೋಗ್ರಾಮಿನ ಆಸುಪಾಸು. ಸುಮಾರು 90 ಸೆಂಟಿಮೀಟರು ಎಟುಕುತ್ತದೆ, ಎಂದರೆ ಕುರ್ಚಿಯಲ್ಲಿ ಕುಳಿತವನು ನೆಲದಿಂದಲೂ ಕಪಾಟಿನ ನಡು ಹಲಗೆಯಿಂದಲೂ ವಸ್ತುವನ್ನು ತೆಗೆಯಬಹುದು. ವಿದ್ಯುತ್ತನ್ನು ಕುರ್ಚಿಯ ಬ್ಯಾಟರಿಯಿಂದಲೇ ಪಡೆಯುತ್ತದೆ. ಬಳಸುವುದು ಒಂದು ಸಣ್ಣ ಬಲ್ಬಿನಷ್ಟು. ನಡೆಸುವುದಕ್ಕೆ ಬೇರೆ ಸಲಕರಣೆ ಬೇಕಿಲ್ಲ. ಕುರ್ಚಿಯನ್ನು ಓಡಿಸುವ ಜಾಯ್‌ಸ್ಟಿಕ್ಕೇ, ಒಂದು ಗುಂಡಿಯನ್ನು ಒತ್ತಿದೊಡನೆ, ಬಾಹುವನ್ನು ಆಡಿಸತೊಡಗುತ್ತದೆ.

ತೊಡಕು ಇರುವುದೂ ಇಲ್ಲಿಯೇ. ಜಾಯ್‌ಸ್ಟಿಕ್ ಎರಡು ದಿಕ್ಕುಗಳಲ್ಲಿ ವಾಲುತ್ತದೆ: ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ. ಕೆಲವದರಲ್ಲಿ ಕೋಲನ್ನು ತಿರುಚುವುದೂ ಉಂಟು, ಅಲ್ಲಿಗೆ ಮೂರಾಯಿತು. ಬಾಹುವಿಗಾದರೋ ಮೂರು ದಿಕ್ಕಿನ ಚಲನೆ, ಮಣಿಕಟ್ಟಿನ ಮೂರು ತಿರುವು, ಬೆರಳುಗಳ ಮುಚ್ಚು ತೆರೆ ಎಂದು ಏಳು ಆದೇಶಗಳು ಬೇಕು. ಎರಡು ಬಾಗಿಲಿನ ಕೋಣೆಯಿಂದ ಏಳು ಸಾಲು ಜನರನ್ನು ಹೊರಗೆ ಕಳಿಸಬೇಕಾದಂತೆ. ಆದುದರಿಂದ ಬಳಸುವವನು ಮೊದಲು ಕೈಯನ್ನು ಸರಿಸುವ ಪಾಳಿ, ಬಳಿಕ ಮಣಿಕಟ್ಟಿನ ಪಾಳಿ, ಆನಂತರ ಬೆರಳುಗಳ ಪಾಳಿ ಎಂದು ಗುಂಡಿಯೊತ್ತಿ ಬದಲಾಯಿಸುತ್ತ ಹೋಗಬೇಕು. ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಅಳೆದು 2016ರಲ್ಲಿ ಪ್ರಕಟಿಸಿದಾಗ, ಕೆಲಸದ ಒಟ್ಟು ಕಾಲದಲ್ಲಿ ಆರನೆಯ ಒಂದು ಪಾಲಿಗೂ ಮಿಕ್ಕು ಹೀಗೆ ಪಾಳಿ ಬದಲಾಯಿಸುವುದರಲ್ಲಿಯೇ ಕಳೆಯುತ್ತದೆಂದು ಕಂಡುಬಂದಿತು.

ನಾಲ್ಕೈದು ಸೆಕೆಂಡುಗಳ ಕೆಲಸ ಹೀಗೆ ನಿಮಿಷಗಳಿಗೆ ಏರುತ್ತದೆ. ನೋಡುತ್ತ ಕುಳಿತವರಿಗೆ ತಾವೇ ಎದ್ದು ಲೋಟ ಕೊಟ್ಟುಬಿಡೋಣವೆನಿಸುತ್ತದೆ. ಹಾಗೆ ಮಾಡಬಾರದು. ನೀರಿಗಾಗಿ ಎರಡು ಗಂಟೆ ಕಾಯುವುದು ಅಭ್ಯಾಸವಾದವನಿಗೆ ಎರಡು ನಿಮಿಷದ ಶ್ರಮ ದೊಡ್ಡದಲ್ಲ. ಆ ಎರಡು ನಿಮಿಷವೂ ಅವನದೇ.

ಮುಳ್ಳುಚಮಚ ಮತ್ತು ಮುದ್ದೆ

ಮೇಲೆ ಹೇಳಿದ ಅಳತೆಯ ಕಾರ್ಯದಲ್ಲಿ ತೊಡಗಿದ್ದ ತಂಡದ ಮುಂದಾಳು ಸಿದ್ಧಾರ್ಥ ಶ್ರೀನಿವಾಸ ಅವರು ಚೆನ್ನೈನ ಐ.ಐ.ಟಿ.ಯಲ್ಲಿ ಓದಿದವರು. ಮುಂದೆ ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅವರ ತಂಡವು ಜಾಕೊ ಬಾಹುವಿಗೆ ಕ್ಯಾಮೆರಾವನ್ನೂ ಮುಳ್ಳುಚಮಚವನ್ನೂ ಜೋಡಿಸಿ, ತಾನಾಗಿಯೇ ಊಟ ಮಾಡಿಸುವುದನ್ನು ಅದಕ್ಕೆ ಕಲಿಸಹೊರಟಿತು. ಬಳಸುವವನು ಒಂದೊಂದು ಚಲನೆಯನ್ನೂ ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಯಾವ ತುಂಡು ಬೇಕೆಂದು ಸೂಚಿಸಿದರೆ ಮಿಕ್ಕದ್ದು ಯಂತ್ರದ ಪಾಲಿನದು.

ತುತ್ತು ಎತ್ತುವುದು ಎಷ್ಟು ಸೂಕ್ಷ್ಮವಾದ ವಿದ್ಯೆಯೆಂಬುದು ಆಗ ಬೆಳಕಿಗೆ ಬಂದಿತು. ಗಟ್ಟಿಯಾದ ಗಜ್ಜರಿಯ ತುಂಡನ್ನು ನೇರವಾಗಿ, ಬಲವಾಗಿ ಚುಚ್ಚಿದರೆ ಬರುತ್ತದೆ. ಬಾಳೆಯ ಹಣ್ಣಿನ ಬಿಲ್ಲೆಯನ್ನು ಹಾಗೆಯೇ ಚುಚ್ಚಿದರೆ ಎತ್ತುವಾಗ ಜಾರಿ ಬೀಳುತ್ತದೆ. ಅದಕ್ಕೆ ಚಮಚವನ್ನು ಓರೆ ಹಿಡಿಯಬೇಕು. ಎತ್ತಿದ್ದನ್ನು ಬಾಯಿಗೆ ಕೊಡುವಾಗಲೂ ಉದ್ದವಾದ ತುಂಡಿನ ತುದಿ ಬಾಯಿಯ ಕಡೆಗಿರಬೇಕು. ನಡುವಿಗೆ ಚುಚ್ಚಿ ತಂದರೆ ಕಚ್ಚಲಾಗುವುದಿಲ್ಲ. ಮಗುವಿಗೆ ಉಣಿಸುವ ತಾಯಿಗೆ ಯಾರೂ ಹೇಳಿಕೊಡದ ಈ ಪಾಠಗಳನ್ನು ಯಂತ್ರಕ್ಕೆ ಒಂದೊಂದಾಗಿ ಕಲಿಸಬೇಕಾಯಿತು. 2019ರಲ್ಲಿ ಪ್ರಕಟವಾದ ಆ ಸಂಶೋಧನೆಯ ಮುಂದಿನ ಹಂತಗಳಲ್ಲಿ, ಕೈಗಳ ಶಕ್ತಿ ಕಳೆದುಕೊಂಡವರೇ ಸಹಸಂಶೋಧಕರಾಗಿ ಕುಳಿತು ತಮ್ಮ ಅನುಭವವನ್ನು ಸೇರಿಸಿದರು.

ಉಣಿಸುವ ಯಂತ್ರಗಳು ಇದಕ್ಕೆ ಮೊದಲೂ ಇದ್ದವು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾನಿಲಯದಲ್ಲಿ ಮೈಕ್ ಟಾಪಿಂಗ್ ಎಂಬವರು 1987ರಲ್ಲಿ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿಯಿದ್ದ ಹನ್ನೊಂದು ವರ್ಷದ ಬಾಲಕನೊಬ್ಬನು ತಾನಾಗಿಯೇ ಊಟ ಮಾಡಲೆಂದು ಹ್ಯಾಂಡಿ-1 ಅನ್ನು ಮಾಡಿದರು. ಜಪಾನಿನ ಸೆಕಾಂ ಸಂಸ್ಥೆಯು 2002ರಲ್ಲಿ ಹೊರತಂದ ಮೈ ಸ್ಪೂನ್ ಎಂಬುದು ಕುರ್ಚಿಗಲ್ಲ, ಮೇಜಿಗೆ ಸೇರಿದ್ದು. ಅದರ ತಟ್ಟೆಯಲ್ಲಿ ನಾಲ್ಕು ಅಂಕಣಗಳು. ಒಂದರಲ್ಲಿ ಅನ್ನ, ಉಳಿದವುಗಳಲ್ಲಿ ಒಂದೊಂದು ತುತ್ತಿನ ಅಳತೆಗೆ ಕತ್ತರಿಸಿಟ್ಟ ಪದಾರ್ಥಗಳು. ಜಪಾನೀಯರು ತಮ್ಮ ಡಬ್ಬಿಯೂಟಕ್ಕೆ ತಕ್ಕಂತೆ ಯಂತ್ರ ಮಾಡಿಕೊಂಡರೆಂಬುದು ಗಮನಾರ್ಹ.

ಕನ್ನಡಿಗರ ತಟ್ಟೆಗೆ ತಕ್ಕ ಯಂತ್ರವಾವುದು? ಇಡ್ಲಿಯನ್ನು ಕತ್ತರಿಸಿಟ್ಟರೆ ಮುಳ್ಳುಚಮಚಕ್ಕೆ ಸಿಗುತ್ತದೆ. ಮೊಸರನ್ನ, ಬಿಸಿಬೇಳೆಬಾತುಗಳಿಗೆ ಚಮಚ ಸಾಕು. ಅನ್ನದ ಮೇಲೆ ತಿಳಿಸಾರು ಹರಿದರೆ ಕಷ್ಟ ಆರಂಭವಾಗುತ್ತದೆ. ಚಪಾತಿ, ಜೋಳದ ರೊಟ್ಟಿಗಳನ್ನು ಮುರಿಯಲು ಒಂದು ಕೈ ಸಾಲದು. ಮುರಿದು ಪಲ್ಯವನ್ನು ಅದರೊಳಗೆ ಸೇರಿಸಿ ಎತ್ತುವ ಬೆರಳುಗಳ ಕೌಶಲ ಯಾವ ಬಾಹುವಿಗೂ ಇಂದಿಗೆ ಬಂದಿಲ್ಲ. ರಾಗಿಮುದ್ದೆಯ ವಿಚಾರವನ್ನಂತೂ ಎತ್ತುವುದೇ ಬೇಡ. ಇದು ನಗುವ ಮಾತಾದರೂ ಹಿಂದೊಂದು ಗಂಭೀರವಾದ ಅಂಶವಿದೆ. ಪರದೇಶದ ಯಂತ್ರವನ್ನು ಹಣ ತೆತ್ತು ತರಿಸಿದ ಮಾತ್ರಕ್ಕೆ ಅದು ಈ ಮನೆಯ ಊಟಕ್ಕೆ, ಈ ಮನೆಯ ಸ್ಟೀಲ್ ಲೋಟಕ್ಕೆ, ಈ ಮನೆಯ ನೆಲದ ಮೇಲಿನ ಕೂರಾಟಕ್ಕೆ ಹೊಂದುತ್ತದೆಂದು ಭಾವಿಸಲಾಗದು. ನುಣುಪಾದ ಸ್ಟೀಲ್ ಲೋಟಕ್ಕೆ ರಬ್ಬರಿನ ಪಟ್ಟಿ ಸುತ್ತಿದರೆ ಹಿಡಿತ ಸಿಗುತ್ತದೆ. ಬಿಸಿ ಕಾಫಿಯನ್ನು ಬಾಹುವಿನಿಂದ ಕುಡಿಯಹೊರಡದೆ ಆರಿಸಿ ಕುಡಿಯುವುದು ಕ್ಷೇಮ.

ಮಿದುಳಿನಿಂದಲೇ ಬಾಹುವನ್ನು ನಡೆಸಿದ ಸುದ್ದಿಯನ್ನು ಅನೇಕರು ಓದಿರಬಹುದು. ಅಮೆರಿಕೆಯಲ್ಲಿ ಪಾರ್ಶ್ವವಾಯುವಿನಿಂದ ಸುಮಾರು 15 ವರ್ಷ ಕೈಕಾಲುಗಳಾಡದೆ, ಮಾತೂ ಇಲ್ಲದೆ ಇದ್ದ ಮಹಿಳೆಯೊಬ್ಬರು, ಮಿದುಳಿನಲ್ಲಿ ಕೂರಿಸಿದ 96 ತಂತುಗಳ ಪುಟ್ಟ ಬಿಲ್ಲೆಯ ಮೂಲಕ ಯಂತ್ರಬಾಹುವನ್ನು ನಡೆಸಿ ಕಾಫಿಯ ಸೀಸೆಯನ್ನು ತುಟಿಗೆ ತಂದುಕೊಂಡರು. ವರದಿ 2012ರಲ್ಲಿ ಪ್ರಕಟವಾಯಿತು. ವಿಜ್ಞಾನದ ದೃಷ್ಟಿಯಿಂದ ಅದ್ಭುತವೇ ಸರಿ. ಆದರೆ ಅದು ಶಸ್ತ್ರಕ್ರಿಯೆಯನ್ನೂ ಪ್ರಯೋಗಶಾಲೆಯ ತಜ್ಞರನ್ನೂ ಅವಲಂಬಿಸಿದ ಪ್ರಯೋಗ; ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ.

ಗಂಟೆಗಳ ಲೆಕ್ಕ

ಹಣದ ವಿಚಾರಕ್ಕೆ ಬಂದರೆ ಕುರ್ಚಿಗೆ ಜೋಡಿಸುವ ಒಂದು ಬಾಹುವಿನ ಬೆಲೆ ಹಲವು ಹತ್ತು ಸಾವಿರ ಡಾಲರುಗಳು. ರೂಪಾಯಿಯಲ್ಲಿ ಹತ್ತಾರು ಲಕ್ಷ. ಈ ಅಂಕಿಯನ್ನು ಕೇಳಿದೊಡನೆ ಪುಸ್ತಕ ಮುಚ್ಚುವವರೇ ಹೆಚ್ಚು. ಆದರೆ ಲೆಕ್ಕದ ಎಡಬದಿಯನ್ನು ಮಾತ್ರ ನೋಡಿ ಬಲಬದಿಯನ್ನು ನೋಡದಿರುವುದು ಸರಿಯಲ್ಲ.

ನೆದರ್ಲೆಂಡ್ಸಿನಲ್ಲಿ ಮಾನುಸ್ ಬಾಹುವನ್ನು ಬಳಸುವವರ ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನವು, ಅದರಿಂದ ಆರೈಕೆ ಮಾಡುವವರಿಗೆ ದಿನಕ್ಕೆ 0.7ರಿಂದ 1.8 ಗಂಟೆಗಳಷ್ಟು ಕಾಲ ಉಳಿಯುತ್ತದೆಂದು ಎಣಿಸಿತು. ವರ್ಷಕ್ಕೆ ಕೂಡಿದರೆ 255ರಿಂದ 657 ಗಂಟೆಗಳು; ಎಂಟು ಗಂಟೆಗಳ ಕೆಲಸದ ದಿನಗಳಾಗಿ ಮಾರ್ಪಡಿಸಿದರೆ 32ರಿಂದ 82 ದಿನಗಳು. ಜಾಕೊ ಬಾಹುವಿನ ಬಗ್ಗೆ ಕೆನಡಾದಲ್ಲಿ 2011ರಲ್ಲಿ ಪ್ರಕಟವಾದ ಅಂದಾಜು ಇನ್ನೂ ಧಾರಾಳ: ಆರೈಕೆಯ ಹೊತ್ತಿನಲ್ಲಿ ಶೇಕಡ 41ರಷ್ಟು ಕಡಿತ ಸಾಧ್ಯವೆಂದಿತು. ಈ ಎರಡನೆಯದು ಕೆಲವೇ ಮಂದಿಯ ಪರೀಕ್ಷೆಯ ಮೇಲೆ ಕಟ್ಟಿದ ಲೆಕ್ಕವಾದುದರಿಂದ ಅದನ್ನು ಪೂರ್ತಿ ಜಮೆಗೆ ಹಿಡಿಯುವುದು ವಿವೇಕವಲ್ಲ. ಮೊದಲನೆಯದರ ಕೆಳ ಅಂಚನ್ನೇ ಹಿಡಿದರೂ ವರ್ಷಕ್ಕೆ ಒಂದು ತಿಂಗಳಿಗೆ ಮೀರಿದ ದುಡಿಮೆ.

ನೆದರ್ಲೆಂಡ್ಸಿನಲ್ಲಿ ಈ ಬಾಹುವಿನ ವೆಚ್ಚವನ್ನು ಆರೋಗ್ಯ ವಿಮೆಯ ವ್ಯವಸ್ಥೆಯೇ ವಹಿಸಿಕೊಂಡಿತು. ಇದಕ್ಕೆ ಕಾರಣ ಕೇವಲ ಕರುಣೆ ಎಂದು ತಿಳಿಯಬೇಕಾಗಿಲ್ಲ. ಅಲ್ಲಿ ರೋಗಿಯ ಮನೆಗೆ ಬಂದು ಆರೈಕೆ ಮಾಡುವವರಿಗೆ ಸಂಬಳವುಂಟು. ಆ ಸಂಬಳದ ಬಹುಪಾಲು ಸಾರ್ವಜನಿಕ ಬೊಕ್ಕಸದಿಂದ ಹೋಗುತ್ತದೆ. ಗಂಟೆ ಉಳಿದರೆ ಬೊಕ್ಕಸಕ್ಕೆ ಹಣ ಉಳಿಯುತ್ತದೆ. ಉಳಿತಾಯವಾಗುವುದು ಯಾರಿಗೋ ಖರ್ಚು ಮಾಡುವವರೂ ಅವರೇ.

ಈ ದೇಶದಲ್ಲಿ ಆ ಗಂಟೆಗಳು ಯಾವ ಖಾತೆಯಲ್ಲಿವೆ? ತಾಯಿಯ ಹೆಸರಿನಲ್ಲಿ, ಹೆಂಡತಿಯ ಹೆಸರಿನಲ್ಲಿ, ಅಪರೂಪಕ್ಕೆ ಶಾಲೆ ಬಿಟ್ಟ ತಂಗಿಯ ಹೆಸರಿನಲ್ಲಿ ಇವೆ. ಪಾಸ್‌ಪುಸ್ತಕ ಮಾತ್ರ ಇಲ್ಲ. ಮಗನಿಗಾಗಿ ಕೆಲಸವನ್ನು ಬಿಟ್ಟ ತಾಯಿಯ ಸಂಬಳ, ಬಡ್ತಿ, ಭವಿಷ್ಯನಿಧಿ, ಪಿಂಚಣಿಗಳೆಲ್ಲ ಈ ಲೆಕ್ಕದಲ್ಲಿ ಖರ್ಚಾಗಿರುತ್ತವೆ, ಆದರೆ ಅವು ಯಾವ ಬ್ಯಾಲೆನ್ಸ್ ಶೀಟಿನಲ್ಲಿಯೂ ಕಾಣುವುದಿಲ್ಲ. ಊರಿನಲ್ಲಾದರೆ ಅತ್ತೆ, ನಾದಿನಿ, ನೆರೆಮನೆಯ ಅಜ್ಜಿ ಎಂದು ಹೊರೆ ಹಂಚಿಹೋಗುತ್ತಿತ್ತು. ದೊಂಬಿವಿಲಿಯಲ್ಲಿಯೋ ಪಿಂಪ್ರಿಯಲ್ಲಿಯೋ ಎರಡು ಕೋಣೆಯ ಮನೆಯಲ್ಲಿರುವ ಕುಟುಂಬಕ್ಕೆ ಆ ಹಂಚಿಕೆಯೂ ಇಲ್ಲ. ಯಾರೂ ಸಂಬಳ ಕೊಡದ ಗಂಟೆಗಳನ್ನು ಉಳಿಸಲು ಯಾರೂ ಲಕ್ಷಗಳನ್ನು ತೆರುವುದಿಲ್ಲ. ಆದಕಾರಣವೇ ಒಂದು ದೇಶದಲ್ಲಿ ಉಳಿತಾಯವೆನಿಸುವ ಯಂತ್ರ ಇನ್ನೊಂದು ದೇಶದಲ್ಲಿ ವಿಲಾಸವೆನಿಸುತ್ತದೆ.

ಸರ್ಕಾರವು ಈ ಖರ್ಚನ್ನು ಸಂಪೂರ್ಣವಾಗಿ ಅರಿಯದೆಯೇ ಇಲ್ಲ. 1961ರ ಆದಾಯ ತೆರಿಗೆ ಕಾಯಿದೆಯು ತನ್ನ 80ಡಿಡಿ ವಿಧಿಯಲ್ಲಿ, ತೀವ್ರ ವೈಕಲ್ಯವುಳ್ಳ ಅವಲಂಬಿತರನ್ನು ಸಾಕುವವರಿಗೆ, ಹಳೆಯ ತೆರಿಗೆ ಪದ್ಧತಿಯಲ್ಲಿ, ವಾಸ್ತವವಾಗಿ ಎಷ್ಟು ಖರ್ಚಾಯಿತೆಂದು ನೋಡದೆಯೇ 1,25,000 ರೂಪಾಯಿಗಳ ಕಡಿತವನ್ನು ನೀಡಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿ, ಸ್ನಾಯುಕ್ಷಯವನ್ನು ಅದರಲ್ಲಿ ಸೇರಿಸಿತು. ಸಾಧನಗಳನ್ನು ಕೊಳ್ಳಲು ನೆರವಾಗುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ನಡೆದುಬಂದಿದೆ. ಅದರಡಿ ಕಾನ್ಪುರದ ಅಲಿಮ್ಕೊ ಕಾರ್ಖಾನೆಯ ತ್ರಿಚಕ್ರಗಳೂ ಕುರ್ಚಿಗಳೂ ಹಂಚಿಕೆಯಾಗುತ್ತವೆ. ಅದರ ನೆರವು ಬಹುಮಟ್ಟಿಗೆ ಸಾವಿರಗಳ ಲೆಕ್ಕದ್ದು. ಒಂದು ಅಪವಾದವುಂಟು: ಹುಟ್ಟುಕಿವುಡು ಮಕ್ಕಳ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಸಾಧನಕ್ಕೆ 2014ರ ಪರಿಷ್ಕೃತ ಯೋಜನೆಯು ಒಂದಕ್ಕೆ 6 ಲಕ್ಷ ರೂಪಾಯಿಗಳವರೆಗೆ ಕೊಡಲು ಒಪ್ಪಿತು. ಮಗುವಿಗೆ ಮಾತು ಬರುವುದರ ಬೆಲೆಯನ್ನು ಅರಿತಾಗ ಲಕ್ಷಗಳು ಹೊರಬಿದ್ದವು. ಸಂಘಗಳು ಮನವಿ ಸಲ್ಲಿಸುವಾಗ ಈ ಪೂರ್ವನಿದರ್ಶನವನ್ನು ಎತ್ತಿ ಹೇಳುವುದು ಒಳ್ಳೆಯದು. ಅದರೊಂದಿಗೆ ಗಂಟೆಗಳ ಲೆಕ್ಕವನ್ನೂ.

ಬಾಹು ಬರುವ ಮೊದಲು

ಹಣವಿದ್ದು ಬಾಹುವನ್ನು ತರಿಸುವವರು ಕೆಲವನ್ನು ಮೊದಲೇ ಅಳೆದುಕೊಳ್ಳಬೇಕು. ಬಾಹುವನ್ನು ಜೋಡಿಸಿದರೆ ಕುರ್ಚಿಯ ಅಗಲ ಹೆಚ್ಚುತ್ತದೆ. ಮಹಾನಗರದ ಲಿಫ್ಟಿನ ಬಾಗಿಲು, ಸ್ನಾನದ ಮನೆಯ ಬಾಗಿಲುಗಳು ಆ ಕೆಲವು ಅಂಗುಲಗಳನ್ನು ಸಹಿಸುತ್ತವೆಯೇ? ಕೈಯಿಂದ ತಳ್ಳುವ ಸಾಮಾನ್ಯ ಕುರ್ಚಿಗೆ ಅದು ಹೊಂದುವುದಿಲ್ಲ. ಕೆಟ್ಟಾಗ ರಿಪೇರಿ ಮಾಡುವವರು ಯಾವ ಊರಿನಲ್ಲಿದ್ದಾರೆ, ಬಿಡಿಭಾಗ ಬರಲು ಎಷ್ಟು ತಿಂಗಳು, ಅಲ್ಲಿಯವರೆಗೆ ಬದಲಿ ಏನು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬಳಸುವವನು ಕೆಲವು ದಿನವಾದರೂ ಅದನ್ನು ನಡೆಸಿ ನೋಡದೆ ಹಣ ಕಟ್ಟಬಾರದು.

ಉಳಿದವರಿಗೆ, ಎಂದರೆ ಬಹುತೇಕ ಎಲ್ಲರಿಗೂ, ಅಗ್ಗದ ಸಾಧನಗಳು ಉಂಟು. ಕುರ್ಚಿಯ ಹಿಂಬದಿಗೆ ಕಟ್ಟಿದ ನೀರಿನ ಸೀಸೆ. ಅದರಿಂದ ತುಟಿಯ ಬಳಿಗೆ ಬಂದು ನಿಲ್ಲುವ ಬಾಗಿದ ಕೊಳವೆ. ಅಂಗೈಗೆ ಸುತ್ತುವ ಪಟ್ಟಿ. ಬೆರಳುಗಳು ಹಿಡಿಯದಿದ್ದರೂ ಅದರ ಜೇಬಿನಲ್ಲಿ ಚಮಚವೋ ಪೆನ್ನೋ ನಿಲ್ಲುತ್ತದೆ. ಮೋಟಾರಿಲ್ಲದೆ, ಕೇವಲ ಸಮತೋಲನದಿಂದ ಮುಂಗೈಯ ಭಾರವನ್ನು ಹೊರುವ ತೋಳಾಸರೆ. ಬಲಗುಂದಿದ ಭುಜವುಳ್ಳ ಹುಡುಗನು ಇದರಿಂದ ತಾನೇ ತುತ್ತೆತ್ತಿದ್ದುಂಟು. ಬಾಯಲ್ಲಿ ಹಿಡಿಯುವ ಕಡ್ಡಿ. ಇನ್ನು ದೀಪ, ಫ್ಯಾನು, ಟಿ.ವಿ.ಗಳಿಗೆ ತಕ್ಕ ಸ್ಮಾರ್ಟ್ ಸಲಕರಣೆಯನ್ನು ಜೋಡಿಸಿಕೊಂಡರೆ ಅವನ್ನು ಸ್ಮಾರ್ಟ್‌ಫೋನಿನ ಮೂಲಕ ಮಾತಿನಿಂದಲೇ ಹಚ್ಚಿ ಆರಿಸಬಹುದು. ಸುಮಾರು ಸಾವಿರ ರೂಪಾಯಿಗಳ ಒಳಗೆ ಆಗುವ ಮೊದಲನೆಯ ಸಾಧನವೊಂದೇ ಎಷ್ಟೋ ಮೂತ್ರದ ಸೋಂಕನ್ನು ತಡೆಯಬಲ್ಲದೆಂಬುದನ್ನು ಮರೆಯಬಾರದು.

ಇವನ್ನು ಅಳತೆಗೆ ಹೊಂದಿಸಿಕೊಡುವವರು ಆಕ್ಯುಪೇಶನಲ್ ಥೆರಪಿಸ್ಟ್ ಎಂಬ ತಜ್ಞರು. ಈ ವಿದ್ಯೆಯ ಮೊದಲ ಶಾಲೆ ಭಾರತದಲ್ಲಿ ಆರಂಭವಾದದ್ದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, 1950ರಲ್ಲಿ, ಆರಂಭಿಸಿದವರು ಅಮೆರಿಕೆಯಲ್ಲಿ ಹುಟ್ಟಿ ಮರಾಠಿ ಮನೆತನಕ್ಕೆ ಸೊಸೆಯಾಗಿ ಬಂದ ಕಮಲಾ ನಿಂಬಕರ್. ಅದೇ ನಗರದ ಹಾಜಿ ಅಲಿಯಲ್ಲಿ 1955ರಿಂದ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ನಡೆದುಬಂದಿದೆ. ದೆಹಲಿಯವರಿಗೆ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇದೆ. 1965ರಲ್ಲಿ ಎವರೆಸ್ಟ್ ಏರಿ, ಅದೇ ವರ್ಷದ ಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿ ಗಾಲಿಕುರ್ಚಿ ಹಿಡಿದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅವರು ಕಟ್ಟಿದ್ದು. ಚೆನ್ನೈಯವರಿಗೆ ವೆಲ್ಲೂರು ದೂರವಲ್ಲ. ಅಲ್ಲಿ ಅಪಘಾತದಿಂದ ಕಾಲುಗಳ ಸ್ವಾಧೀನ ತಪ್ಪಿದ ಡಾ. ಮೇರಿ ವರ್ಗೀಸ್ ಅವರು ಕುರ್ಚಿಯಲ್ಲಿ ಕುಳಿತೇ ಶಸ್ತ್ರಕ್ರಿಯೆ ಮಾಡಿದರು, ಪುನರ್ವಸತಿ ವಿಭಾಗವನ್ನು ಬೆಳೆಸಿದರು.

ಥೆರಪಿಸ್ಟರ ಬಳಿಗೆ ಹೋಗುವ ಮುನ್ನ ಒಂದು ವಾರದ ಮಟ್ಟಿಗೆ ಒಂದು ಸಣ್ಣ ಲೆಕ್ಕಪುಸ್ತಕವನ್ನು ಇಡುವುದು ಉಪಯುಕ್ತ. ಮೊದಲ ಅಂಕಣದಲ್ಲಿ ವೇಳೆ. ಎರಡನೆಯದರಲ್ಲಿ ಏನನ್ನು ಕೇಳಲಾಯಿತು. ಮೂರನೆಯದರಲ್ಲಿ ಅದನ್ನು ಮಾಡಿಕೊಡಲು ಎಷ್ಟು ನಿಮಿಷ ಹಿಡಿಯಿತು. ವಾರದ ಕೊನೆಗೆ ಕೂಡಿದರೆ ಯಾವ ಸಾಧನ ಮೊದಲು ಬೇಕೆಂಬುದು ಬಹುಮಟ್ಟಿಗೆ ತಾನೇ ಗೊತ್ತಾಗುತ್ತದೆ. ನಾಲ್ಕನೆಯ ಅಂಕಣವೊಂದನ್ನು ಖಾಲಿ ಬಿಡಬೇಕು: ಬೇಕೆನಿಸಿಯೂ ಕೇಳದೆ ಬಿಟ್ಟದ್ದು. ಅದನ್ನು ಮನೆಯವರು ತುಂಬಲಾಗದು. ಕುರ್ಚಿಯಲ್ಲಿರುವವರು, ಮನೆಯಲ್ಲಿ ಯಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ, ಮೊಬೈಲ್ ಫೋನಿಗೆ ಹೇಳಿ ಇಟ್ಟುಕೊಂಡು, ನೇರವಾಗಿ ಥೆರಪಿಸ್ಟರಿಗೆ ಕೇಳಿಸಬಹುದು.